ಪತ್ರಿಕೆ ಯಾರದು, ಆ ಪುಟ ಯಾರದು?

ಓದುಗರ ಪ್ರಶ್ನೆಗೆ ಮಾಧ್ಯಮ ಕಾನೂನು ತಜ್ಞರ ಉತ್ತರ

ಪ್ರಶ್ನೆ: ನಾನು ದಾವಣಗೆರೆ ತಾಲ್ಲೂಕಿನ ಮೆಕ್ಕೆಜೋಳ ಬೆಳೆಗಾರ. ಅಮೆರಿಕದ ಮೆಕ್ಕೆಜೋಳ ನಮ್ಮ ದೇಶಕ್ಕೆ ಬಂದರೆ ಕೋಳಿ ಫಾರಂ, ಎಥೆನಾಲ್ ಕಾರ್ಖಾನೆ ಎಲ್ಲರಿಗೂ ಲಾಭ ಅಂತ ಒಂದು ಪತ್ರಿಕೆಯಲ್ಲಿ ಅರ್ಧ ಪುಟ ಬಂದಿತ್ತು. ಬರೆದವರ ಹೆಸರಿಲ್ಲ. ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಏನೋ ಇತ್ತು. ಪತ್ರಿಕೆಯನ್ನೇ ಹೊರದೇಶದವರು ಕೊಂಡಿದ್ದಾರೆ ಅಂತ ಎಪಿಎಂಸಿಯಲ್ಲಿ ಮಾತು. ನಿಜವೇ?

ಉತ್ತರ: ಪತ್ರಿಕೆಯನ್ನು ಕೊಂಡಿರುವ ಸಾಧ್ಯತೆ ತೀರಾ ಕಡಿಮೆ. ಆ ಅರ್ಧ ಪುಟವನ್ನು ಯಾರೋ ಕೊಂಡಿರುವ ಸಾಧ್ಯತೆಯೇ ಹೆಚ್ಚು.

ವಿದೇಶಿಯರಿಗೆ ಪತ್ರಿಕೆಗಳ ಒಡೆತನ ಬೇಡವೆಂದು ನೆಹರೂ ಸಂಪುಟ 1955ರಲ್ಲೇ ತೀರ್ಮಾನಿಸಿತ್ತು. 2002ರಲ್ಲಿ ಅದನ್ನು ಸಡಿಲಿಸಿ ಶೇ 26ರವರೆಗೆ ಬಂಡವಾಳ ಹೂಡಲು ಬಿಟ್ಟರು. ಅದಕ್ಕೂ ಕೇಂದ್ರದ ಅನುಮತಿ ಬೇಕು, ಸಂಪಾದಕೀಯದ ಮುಖ್ಯ ಹುದ್ದೆಗಳಲ್ಲಿ ಇಲ್ಲೇ ನೆಲೆಸಿದ ಭಾರತೀಯರಿರಬೇಕು. ಟಿ.ವಿ. ಸುದ್ದಿ ವಾಹಿನಿಗಳಿಗೆ ಮಿತಿ 2015ರಿಂದ ಶೇ 49; ಡಿಜಿಟಲ್ ಸುದ್ದಿಗೆ 2019ರ ತೀರ್ಮಾನದಂತೆ ಶೇ 26. ಇಂಥ ಕಟ್ಟುಪಾಡು ನಮ್ಮಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡಿ. ಯುಎಇ ಹಣದ ಬೆಂಬಲವಿದ್ದ ಕಂಪನಿಯೊಂದು ಲಂಡನ್ನಿನ ‘ಟೆಲಿಗ್ರಾಫ್’ ಪತ್ರಿಕೆ ಕೊಳ್ಳಲು ಹೊರಟಾಗ ಬ್ರಿಟನ್ 2024ರಲ್ಲಿ ಕಾನೂನನ್ನೇ ಬದಲಿಸಿ ತಡೆಯಿತು.

ಒಡೆತನಕ್ಕೆ ಇಷ್ಟು ಕಾವಲಿದೆ. ಜಾಹೀರಾತಿಗೆ ಇಲ್ಲ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, 2010ರ 3ನೇ ಸೆಕ್ಷನ್ ಪ್ರಕಾರ ಪತ್ರಿಕೆಯ ಮಾಲೀಕ, ಸಂಪಾದಕ, ವರದಿಗಾರ, ಅಂಕಣಕಾರ, ಕೊನೆಗೆ ವ್ಯಂಗ್ಯಚಿತ್ರಕಾರ ಕೂಡ ವಿದೇಶಿ ದೇಣಿಗೆ ಮುಟ್ಟುವಂತಿಲ್ಲ. ಆದರೆ 4ನೇ ಸೆಕ್ಷನ್ ಮಾಮೂಲಿ ವ್ಯಾಪಾರ ವಹಿವಾಟಿನ ಹಣಕ್ಕೆ ವಿನಾಯಿತಿ ಕೊಡುತ್ತದೆ. ಜಾಹೀರಾತು ವ್ಯಾಪಾರವೇ ತಾನೆ? ಏಳು ಸುತ್ತಿನ ಕೋಟೆಯ ನೆರೆಯವರಾದ ನಿಮಗೆ ಕಿಂಡಿಯ ವಿಷಯ ಬಿಡಿಸಿ ಹೇಳಬೇಕಿಲ್ಲ.

ನೀವು ನೋಡಿದ ಸಣ್ಣಕ್ಷರವನ್ನು ಮತ್ತೊಮ್ಮೆ ಓದಿ. ‘ಜಾಹೀರಾತು’ ಎಂದು ನೇರವಾಗಿ ಬರೆಯಲು ಪತ್ರಿಕೆಗಳಿಗೆ ಅದೇನೋ ಸಂಕೋಚ. ‘ಪ್ರಾಯೋಜಿತ’, ‘ಅಡ್ವರ್ಟೋರಿಯಲ್’, ‘ವಿಶೇಷ ಪುರವಣಿ’ ಎಂದೆಲ್ಲ ಹಾಕುತ್ತಾರೆ. ಜಾಹೀರಾತು ಯಾವುದು, ಸುದ್ದಿ ಯಾವುದು ಎಂದು ಓದುಗನಿಗೆ ಸ್ಪಷ್ಟವಾಗಿ ಗೊತ್ತಾಗಬೇಕು ಎನ್ನುತ್ತವೆ ಭಾರತೀಯ ಪತ್ರಿಕಾ ಮಂಡಳಿಯ ಸೂತ್ರಗಳು.

ಅಲ್ಲಿ ಏನು ಬರೆದಿದ್ದರು ಎನ್ನುವುದಕ್ಕಿಂತ ಏನು ಬಿಟ್ಟಿದ್ದರು ಎಂಬುದನ್ನು ನೋಡಿ. ಅಮೆರಿಕದಲ್ಲಿ ಬೆಳೆಯುವ ಮೆಕ್ಕೆಜೋಳದಲ್ಲಿ ಶೇ 90ಕ್ಕೂ ಹೆಚ್ಚು ಕುಲಾಂತರಿ ಎಂಬ ಮಾತಿತ್ತೇ? 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ ₹2,400 ಎಂದಿತ್ತೇ? 140 ಕೋಟಿ ಜನರ ಭಾರತ ನಮ್ಮ ಮೆಕ್ಕೆಜೋಳವನ್ನು ಯಾಕೆ ಕೊಳ್ಳುವುದಿಲ್ಲ ಎಂದು ಅಮೆರಿಕದ ವಾಣಿಜ್ಯ ಸಚಿವ ಹಾವರ್ಡ್ ಲುಟ್ನಿಕ್ 2025ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾಗಿಯೇ ಕೇಳಿದ್ದರಲ್ಲ, ಅದರ ಉಲ್ಲೇಖ ಇತ್ತೇ? ಇವು ಯಾವುದೂ ಇಲ್ಲದಿದ್ದರೆ ಅದು ವರದಿಯಲ್ಲ, ವಕಾಲತ್ತು. ಆದರೆ ವಕಾಲತ್ತು ಯಾರದೆಂದು ದುಡುಕಿ ತೀರ್ಮಾನಿಸಬೇಡಿ. ಅಗ್ಗದ ಮೆಕ್ಕೆಜೋಳ ಆಮದಾಗಲಿ ಎಂದು ನಮ್ಮದೇ ಕೋಳಿ ಉದ್ಯಮದವರೂ ಕೇಳಿದ್ದಾರೆ. ಹಣ ಕೊಟ್ಟವರು ವಾಷಿಂಗ್ಟನ್‌ನಲ್ಲೇ ಇರಬೇಕೆಂದಿಲ್ಲ.

ಪ್ರಶ್ನೆ: ರಾಯಭಾರ ಕಚೇರಿಗಳು ಭಾರತದ ಪತ್ರಿಕೆಗಳಿಗೆ ಹೀಗೇ ಬರೆಯಿರಿ ಎಂದು ಹೇಳುವುದುಂಟೇ? ಅಥವಾ ಇದೆಲ್ಲ ವಾಟ್ಸ್‌ಆ್ಯಪ್ ಕಥೆಯೇ? — ಚಿತ್ರದುರ್ಗದ ಪದವಿ ವಿದ್ಯಾರ್ಥಿನಿ

ಉತ್ತರ: ಉಂಟಮ್ಮ. ಲಿಖಿತವಾಗಿಯೇ ಹೇಳಿದ್ದುಂಟು. ಗಾಲ್ವಾನ್ ಘರ್ಷಣೆಯಾಗಿ ಕೆಲವೇ ತಿಂಗಳು ಕಳೆದಿದ್ದ 2020ರ ಅಕ್ಟೋಬರ್ ನೆನಪಿಸಿಕೊಳ್ಳಿ. ತೈವಾನ್‌ನ ರಾಷ್ಟ್ರೀಯ ದಿನದ ಜಾಹೀರಾತುಗಳು ದೆಹಲಿಯ ಪತ್ರಿಕೆಗಳಲ್ಲಿ ಬಂದವು. ತೈವಾನನ್ನು ದೇಶ ಎನ್ನಬೇಡಿ, ಅಲ್ಲಿನ ನಾಯಕಿಯನ್ನು ಅಧ್ಯಕ್ಷೆ ಎನ್ನಬೇಡಿ ಎಂದು ಚೀನಾದ ರಾಯಭಾರ ಕಚೇರಿ ಪತ್ರಕರ್ತರಿಗೆ ಪತ್ರ ಬರೆಯಿತು. ಭಾರತದಲ್ಲಿ ಮಾಧ್ಯಮ ಸ್ವತಂತ್ರ, ಅವರಿಗೆ ಸರಿ ಕಂಡಂತೆ ವರದಿ ಮಾಡುತ್ತಾರೆ ಎಂದಷ್ಟೇ ಹೇಳಿ ನಮ್ಮ ವಿದೇಶಾಂಗ ಸಚಿವಾಲಯ ಸುಮ್ಮನಾಯಿತು. ಆ ಪತ್ರದಿಂದ ಆದದ್ದೇನು? ಅದುವರೆಗೆ ತೈವಾನ್ ದಿನದ ಗೋಜಿಗೇ ಹೋಗದವರೂ ಅದರ ಬಗ್ಗೆ ಮಾತಾಡಿದರು.

ಹೀಗೆ ಗದರಿಸಿ ಹೇಳುವ ಪ್ರಭಾವ ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಅದರಿಂದ ಅಪಾಯ ಕಡಿಮೆ. ಹಿಂದಿನ ಕಾಲದಲ್ಲಿ ಸೋವಿಯತ್ ರಾಯಭಾರ ಕಚೇರಿ ಹೊರತರುತ್ತಿದ್ದ ‘ಸೋವಿಯತ್ ಲ್ಯಾಂಡ್’ ನಿಯತಕಾಲಿಕ ಕೂಡ ಹಾಗೆಯೇ. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬರುತ್ತಿತ್ತು. ಅದರ ನುಣುಪಾದ ಹಾಳೆ ನಮ್ಮ ಶಾಲಾ ಪುಸ್ತಕಗಳಿಗೆ ಬೈಂಡ್ ಹಾಕಲು ಹೇಳಿ ಮಾಡಿಸಿದಂತಿತ್ತು. ಅಮೆರಿಕ 1960ರಲ್ಲಿ ‘ಸ್ಪ್ಯಾನ್’ ಆರಂಭಿಸಿತು. ಎರಡರ ಮೇಲೂ ಯಾರದೆಂಬ ಮುದ್ರೆ ಇತ್ತು, ಓದುವವನಿಗೆ ಅದು ಗೊತ್ತಿತ್ತು.

ಮುದ್ರೆ ಇಲ್ಲದ್ದು ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ 1983ರ ಜುಲೈನ ಒಂದು ಪ್ರಸಂಗ ಹೇಳುತ್ತೇನೆ. ದೆಹಲಿಯಲ್ಲಿ ‘ಪೇಟ್ರಿಯಟ್’ ಎಂಬ ಸೋವಿಯತ್ ಪರ ಒಲವಿನ ದಿನಪತ್ರಿಕೆ ಇತ್ತು. ಅದರಲ್ಲಿ ನ್ಯೂಯಾರ್ಕಿನಿಂದ ಅಮೆರಿಕದ ಹೆಸರಾಂತ ವಿಜ್ಞಾನಿಯೊಬ್ಬರು ಬರೆದದ್ದೆಂದು ಹೇಳಿಕೊಂಡ ಅನಾಮಧೇಯ ಪತ್ರ ಪ್ರಕಟವಾಯಿತು. ಏಡ್ಸ್ ರೋಗವನ್ನು ಅಮೆರಿಕದ ಸೇನೆಯೇ ಪ್ರಯೋಗಾಲಯದಲ್ಲಿ ತಯಾರಿಸಿದೆ, ಅದು ಭಾರತಕ್ಕೂ ಬರಬಹುದು ಎಂಬುದು ಅದರ ಸಾರ. ಎರಡು ವರ್ಷ ಯಾರೂ ಅದರತ್ತ ತಿರುಗಿ ನೋಡಲಿಲ್ಲ. 1985ರ ಅಕ್ಟೋಬರ್‌ನಲ್ಲಿ ಮಾಸ್ಕೋದ ‘ಲಿತೆರತೂರ್ನಯ ಗಜೆತ’ ವಾರಪತ್ರಿಕೆ ಇದೇ ಮಾತನ್ನು ಬರೆದು, ಆಧಾರವಾಗಿ ಭಾರತದ ಆ ಪತ್ರಿಕೆಯನ್ನು ತೋರಿಸಿತು. ಅಲ್ಲಿಂದ ಅದು ಹತ್ತಾರು ದೇಶಗಳ ಪತ್ರಿಕೆಗಳಿಗೆ ಹಬ್ಬಿತು. ಹಿಂದೆ ಇದ್ದದ್ದು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಎಂದು ರಷ್ಯಾದ ಬೇಹುಗಾರಿಕೆ ಮುಖ್ಯಸ್ಥ ಯೆವ್ಗೆನಿ ಪ್ರಿಮಕೋವ್ 1992ರಲ್ಲಿ ಒಪ್ಪಿಕೊಂಡರು.

ಈ ಕೆಲಸಕ್ಕೆ ಒಂದು ಷೇರನ್ನೂ ಕೊಳ್ಳಬೇಕಾಗಲಿಲ್ಲ. ಬರೆದವನು ಯಾರೆಂದು ಕೇಳದೆ ಛಾಪಿಸುವ ಒಂದು ಪತ್ರಿಕೆ ಸಾಕಾಯಿತು. ‘ಭಾರತದ ಪತ್ರಿಕೆಯಲ್ಲೇ ಬಂದಿದೆ’ ಎನ್ನಿಸಿಕೊಳ್ಳುವುದು ಅವರಿಗೆ ಬೇಕಿತ್ತು, ಅದು ಸಿಕ್ಕಿತು.

ನಾವೇನೋ ಸಾಚಾ, ಹೊರಗಿನವರೇ ಕೇಡಿಗರು ಎಂದೂ ಹೇಳಲಾರೆ. ಸುಳ್ಳು ಸುದ್ದಿಗಳ ಜಾಡು ಹಿಡಿಯುವ ಬ್ರಸೆಲ್ಸ್‌ನ ಸಂಸ್ಥೆ ಇಯು ಡಿಸ್‌ಇನ್ಫೋಲ್ಯಾಬ್ 2020ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿ ದೆಹಲಿ ಮೂಲದ ಒಂದು ಸಮೂಹದತ್ತ ಬೆರಳು ತೋರಿಸಿತ್ತು. 119 ದೇಶಗಳಲ್ಲಿ 750ಕ್ಕೂ ಹೆಚ್ಚು ನಕಲಿ ಸುದ್ದಿತಾಣಗಳು, ತೀರಿಕೊಂಡ ಪ್ರಾಧ್ಯಾಪಕರ ಹೆಸರಿನ ಬಳಕೆ, ಎಲ್ಲವೂ ಪಾಕಿಸ್ತಾನದ ಹೆಸರು ಕೆಡಿಸಲು ಎಂದು ಅದು ಹೇಳಿತು. ಭಾರತ ಸರ್ಕಾರ ಇಂಥ ಕೆಲಸ ಮಾಡುವುದಿಲ್ಲ ಎಂದು ವಿದೇಶಾಂಗ ಸಚಿವಾಲಯ ಆಗ ಉತ್ತರಿಸಿತು. ಎರಡನ್ನೂ ಓದಿ ನೋಡಿ, ನಿಮ್ಮ ಸೆಮಿನಾರಿಗೆ ಆಗುತ್ತದೆ.

ಪ್ರಶ್ನೆ: ನಾನು ಹರಿಹರದ ಒಂದು ಪತ್ರಿಕೆಯ ವರದಿಗಾರ. ವಿದೇಶಿ ಕಾನ್ಸುಲೇಟ್ ಒಂದು ಹತ್ತು ದಿನದ ಪ್ರವಾಸಕ್ಕೆ ಕರೆದಿದೆ, ಖರ್ಚೆಲ್ಲ ಅವರದೇ. ಹೋಗಬಹುದೇ?

ಉತ್ತರ: ಹೋಗಿ ಬನ್ನಿ. ವಿದೇಶಿ ಆತಿಥ್ಯಕ್ಕೆ ಮೊದಲೇ ಅನುಮತಿ ಬೇಕೆನ್ನುವ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 6ನೇ ಸೆಕ್ಷನ್ ಶಾಸಕರು, ಪಕ್ಷಗಳ ಪದಾಧಿಕಾರಿಗಳು, ನ್ಯಾಯಾಧೀಶರು, ಸರ್ಕಾರಿ ನೌಕರರನ್ನು ಹೆಸರಿಸುತ್ತದೆ, ಪತ್ರಕರ್ತರನ್ನು ಹೆಸರಿಸಿಲ್ಲ. ಸಂಪಾದಕರಿಗೆ ತಿಳಿಸಿ ಹೋಗಿ. ಬಂದ ಮೇಲೆ ಬರೆಯುವ ಪ್ರತಿ ಬರಹದ ಕೆಳಗೂ ಯಾರ ಆಹ್ವಾನದ ಮೇಲೆ ಹೋಗಿದ್ದೆ ಎಂಬ ಒಂದು ಸಾಲು ಇರಲಿ. ಅದನ್ನು ಹಾಕಬೇಡಿ ಎಂದು ಆಹ್ವಾನಿಸಿದವರೇ ಕೇಳಿದರೆ ಟಿಕೆಟ್ ವಾಪಸ್ ಕೊಡಿ.

ಪ್ರಶ್ನೆ: ಊರಿನ ಪತ್ರಿಕೆ, ಚಾನೆಲ್ ಯಾರದೆಂದು ತಿಳಿಯುವುದು ಹೇಗೆ? — ಹೊಳಲ್ಕೆರೆಯ ನಿವೃತ್ತ ಶಿಕ್ಷಕರು

ಉತ್ತರ: ಪತ್ರಿಕೆಯ ಮಟ್ಟಿಗೆ ಸುಲಭ ಮೇಷ್ಟ್ರೇ. ಮುದ್ರಕ, ಪ್ರಕಾಶಕರ ಹೆಸರು ಪ್ರತಿ ಸಂಚಿಕೆಯಲ್ಲೂ ಇರುತ್ತದೆ. 1956ರ ನಿಯಮದಂತೆ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ‘ನಮೂನೆ 4’ ಎಂಬ ಹೇಳಿಕೆ ಪ್ರಕಟಿಸುತ್ತಿದ್ದರು; ಶೇ 1ಕ್ಕಿಂತ ಹೆಚ್ಚು ಪಾಲಿರುವವರ ಹೆಸರು, ವಿಳಾಸ ಅದರಲ್ಲಿ ಸಿಗುತ್ತದೆ. ಗ್ರಂಥಾಲಯದಲ್ಲಿ ಹಳೆಯ ಮಾರ್ಚ್ ತಿಂಗಳ ಕಟ್ಟು ತೆಗೆಸಿ ನೋಡಿ. ಈಗ 1867ರ ಕಾಯ್ದೆ ಹೋಗಿ, 2024ರ ಮಾರ್ಚ್ 1ರಿಂದ ಹೊಸ ನಿಯತಕಾಲಿಕ ನೋಂದಣಿ ಕಾಯ್ದೆ ಬಂದಿದೆ. ಟಿ.ವಿ. ವಾಹಿನಿಯಾದರೆ ಅದರ ಕಂಪನಿಯ ಹೆಸರು ವಾರ್ತಾ ಸಚಿವಾಲಯದ ಪಟ್ಟಿಯಲ್ಲಿ ಇರುತ್ತದೆ. ಆ ಹೆಸರು ಹಿಡಿದು ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ₹100 ಕಟ್ಟಿದರೆ ವಾರ್ಷಿಕ ದಾಖಲೆ ತೆರೆದುಕೊಳ್ಳುತ್ತದೆ. ಕಂಪನಿಯೊಳಗೊಂದು ಕಂಪನಿ ಇರುತ್ತದೆ, ತಾಳ್ಮೆ ಬೇಕು. ಯೂಟ್ಯೂಬ್ ಚಾನೆಲ್‌ಗಳದು ಮಾತ್ರ ತಲೆಬುಡ ಸಿಗದ ವ್ಯವಹಾರ.

ಹುಡುಕಿದಾಗ ನಿಮಗೆ ಹೆಚ್ಚಾಗಿ ಸಿಗುವುದು ವಿದೇಶಿಯರಲ್ಲ, ನಮ್ಮದೇ ಉದ್ಯಮಿಗಳು, ರಾಜಕಾರಣಿಗಳು. ‘ವಿಜಯ ಕರ್ನಾಟಕ’ 2006ರಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ದ ಒಡೆಯರಾದ ಬೆನೆಟ್ ಕೋಲ್ಮನ್ ಕಂಪನಿಯ ಕೈಸೇರಿದಾಗ ಓದುಗರಲ್ಲಿ ಎಷ್ಟು ಜನರ ಗಮನಕ್ಕೆ ಬಂತು ಎಂದು ನಿಮ್ಮ ವಾಕಿಂಗ್ ಗೆಳೆಯರನ್ನೇ ಕೇಳಿ ನೋಡಿ.

ಮೆಕ್ಕೆಜೋಳದ ಅರ್ಧ ಪುಟದ ಬಗ್ಗೆ ಬರೆದ ರೈತರಿಗೆ ಇನ್ನೊಂದು ಮಾತು. ಜಾಹೀರಾತನ್ನು ಸುದ್ದಿಯಂತೆ ತೋರಿಸಿದ್ದಾರೆ ಅನ್ನಿಸಿದರೆ ಮೊದಲು ಸಂಪಾದಕರಿಗೆ ಪತ್ರ ಬರೆಯಿರಿ. ಉತ್ತರ ಬರದಿದ್ದರೆ ಆ ಪತ್ರದ ಪ್ರತಿ, ಪುಟದ ಪ್ರತಿ ಲಗತ್ತಿಸಿ ಪತ್ರಿಕಾ ಮಂಡಳಿಗೆ ದೂರು ಕೊಡಿ. ದಿನಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ಕೊಡಬೇಕು. ದಂಡ ಹಾಕುವ ಅಧಿಕಾರ ಮಂಡಳಿಗಿಲ್ಲ. ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು.