ಓದುಗರ ಪ್ರಶ್ನೆ: ಹಳೇ ದೋಣಿ ಇಂಜಿನ್ನಿನ ಕಂಪ್ರೆಷನ್

ಪ್ರಶ್ನೆ: ಹೇಮಾವತಿ ಹಿನ್ನೀರಿನಲ್ಲಿ ಓಡಿಸುವ ನಮ್ಮ ದೋಣಿಯ ಹಿಂಬದಿಗೆ ಕಚ್ಚಿಸುವ ಹಳೇ ಔಟ್‌ಬೋರ್ಡ್ ಇಂಜಿನ್‌ಗೆ (ಎರಡು ಸಿಲಿಂಡರ್, ಟೂ-ಸ್ಟ್ರೋಕ್) ಎಳೆಯುವ ಶಕ್ತಿ ಕುಗ್ಗಿದೆ. ಕಂಪ್ರೆಷನ್ (ಸಿಲಿಂಡರಿನಲ್ಲಿ ಪಿಸ್ಟನ್ ಗಾಳಿಯನ್ನು ಒತ್ತುವ ಒತ್ತಡ) ಅಳೆಯುವ ಗೇಜ್ ಹಾಕಿದರೆ ಮೇಲಿನ ಸಿಲಿಂಡರ್ ಚದರ ಅಂಗುಲಕ್ಕೆ 88 ಪೌಂಡ್, ಕೆಳಗಿನದು 62. ಮಂಗಳೂರಿನ ಮೆಕ್ಯಾನಿಕ್ ಒಬ್ಬರು 100 ಇರಲೇಬೇಕು ಎನ್ನುತ್ತಾರೆ. ಎರಡನ್ನೂ ಬೋರ್ ಮಾಡಿಸಬೇಕೆ (ಒಳಗೋಡೆ ಕೊರೆಸಿ ಅಗಲ ಮಾಡಿಸಬೇಕೆ)?
— ಓದುಗರು, ಗೊರೂರು

ಉತ್ತರ: ಅವಸರ ಬೇಡ. ಸಮುದ್ರದ ದಡದಲ್ಲಿರುವ ಮಂಗಳೂರಿನ 100 ನಿಮ್ಮಲ್ಲಿ ಸಿಗುವುದಿಲ್ಲ. ಹೇಮಾವತಿ ಜಲಾಶಯದ ಗರಿಷ್ಠ ಮಟ್ಟವೇ 2922 ಅಡಿ. ಇಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು ಕಡಿಮೆ, ಗೇಜೂ ಅಷ್ಟೇ ಇಳಿದು ತೋರಿಸುತ್ತದೆ. ನಿಮ್ಮ 88 ಚೆನ್ನಾಗಿಯೇ ಇದೆ. ನೋಡಬೇಕಾದ್ದು ಎರಡರ ನಡುವಿನ ಅಂತರ. ಶೇ. 10–15ರವರೆಗೆ ನಡೆಯುತ್ತದೆ, ನಿಮ್ಮದು ಶೇ. 30ರ ಹತ್ತಿರ.

ಮೊದಲು ಇನ್ನೊಮ್ಮೆ ಸರಿಯಾಗಿ ಅಳೆಯಿರಿ. ನೀರು ತುಂಬಿದ ಡ್ರಮ್ಮಿನಲ್ಲಿಟ್ಟು ಐದು ನಿಮಿಷ ಓಡಿಸಿ ಬಿಸಿ ಮಾಡಿ. ನೀರಿಲ್ಲದೆ ಓಡಿಸಿದರೆ ಇಂಜಿನ್ ತಣಿಸುವ ನೀರಿನ ಪಂಪಿನ ರಬ್ಬರ್ ಚಕ್ರ (ಇಂಪೆಲ್ಲರ್) ಹೋಯಿತೆಂದೇ ಲೆಕ್ಕ. ಎರಡೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಒಂದನ್ನೇ ಬಿಚ್ಚಿದರೆ ಸ್ಟಾರ್ಟ್ ಮಾಡುವ ಹಗ್ಗ ಭಾರವಾಗಿ ವೇಗ ಸಾಲದು. ಪ್ಲಗ್ ವೈರುಗಳನ್ನು ಇಂಜಿನ್ನಿನ ಲೋಹದ ಮೈಗೆ ಅರ್ತ್ ಮಾಡಿ, ಇಲ್ಲದಿದ್ದರೆ ಕಾಯಿಲ್ ಸುಡಬಹುದು, ತೂತಿನಿಂದ ಬರುವ ಪೆಟ್ರೋಲ್ ಆವಿಗೆ ಕಿಡಿಯೂ ತಾಗಬಹುದು. ಥ್ರಾಟಲ್ ಪೂರ್ತಿ ತೆರೆದಿರಲಿ. ಮುಳ್ಳು ಏರುವುದು ನಿಲ್ಲುವ ತನಕ, ನಾಲ್ಕೈದು ಸಲ, ಒಂದೇ ಬಿರುಸಿನಲ್ಲಿ ಎಳೆಯಿರಿ. ಕೈಯಲ್ಲಿ ಒತ್ತಿ ಹಿಡಿಯುವ ರಬ್ಬರ್ ಮೂತಿಯ ಗೇಜನ್ನು ನಂಬಬೇಡಿ, ಪ್ಲಗ್ ತೂತಿಗೆ ತಿರುಗಿಸಿ ಬಿಗಿಯುವ ಥ್ರೆಡ್ ಇರುವುದೇ ಬೇಕು.

ಆಗಲೂ 62 ಬಂದರೆ ಎಣ್ಣೆ ಹಾಕಿ ನೋಡಿ. ಇಂಜಿನ್ ನೆಟ್ಟಗಿದ್ದಾಗ ಸಿಲಿಂಡರ್ ಅಡ್ಡ ಮಲಗಿರುವುದರಿಂದ ಎಣ್ಣೆ ಹೊರಗೆ ಸುರಿದುಹೋಗುತ್ತದೆ. ಇಂಜಿನ್ನನ್ನು ಪೂರ್ತಿ ಟಿಲ್ಟ್ ಮಾಡಿ, ಪ್ಲಗ್ ತೂತು ಮೇಲ್ಮುಖವಾದಾಗ ಒಂದು ಟೀ ಚಮಚ ಟೂಟಿ (2T, ಟೂ-ಸ್ಟ್ರೋಕ್) ಆಯಿಲ್ ಬಿಡಿ. ಇಳಿಸಿ, ಎರಡು ಸಲ ಹಗ್ಗ ಎಳೆದು, ಮತ್ತೆ ಅಳೆಯಿರಿ. ಹೆಚ್ಚು ಸುರಿದರೆ ಒಳಗಿನ ಜಾಗ ತುಂಬಿ ಸುಳ್ಳು ಲೆಕ್ಕ ಬರುತ್ತದೆ.

80ರ ಹತ್ತಿರ ಏರಿತೆಂದರೆ ಪಿಸ್ಟನ್ ಸುತ್ತಲಿನ ರಿಂಗ್ ಇಲ್ಲವೇ ಬೋರಿನ (ಸಿಲಿಂಡರ್ ಒಳಗೋಡೆಯ) ತೊಂದರೆ. ಹಳೇ ಇಂಜಿನ್ನುಗಳಲ್ಲಿ ಎಷ್ಟೋ ಸಲ ಅದು ಸವೆತವೇ ಅಲ್ಲ, ಕಾರ್ಬನ್ ಕಟ್ಟಿ ರಿಂಗ್ ಅಂಟಿಕೊಂಡಿರುತ್ತದೆ. ಎಕ್ಸಾಸ್ಟ್ ಕವರ್ ಬಿಚ್ಚಿ, ಹೊಗೆ ಹೊರಹೋಗುವ ಕಿಂಡಿಯಲ್ಲಿ (ಪೋರ್ಟ್) ಕಾಣುವ ರಿಂಗನ್ನು ಮರದ ಕಡ್ಡಿಯಿಂದ ಒತ್ತಿ. ಒಳಹೋಗಿ ಪುಟಿದು ಬರಬೇಕು. ಕವರಿನ ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಇಲ್ಲದಿದ್ದರೆ ತುಂಡಾಗಿ ಅದೇ ದೊಡ್ಡ ಕೆಲಸವಾದೀತು. ಎಣ್ಣೆಗೂ ಮುಳ್ಳು ಜಗ್ಗದಿದ್ದರೆ ಸಿಲಿಂಡರ್ ಮುಚ್ಚಳದಡಿಯ ಹೆಡ್ ಗ್ಯಾಸ್ಕೆಟ್ ನೋಡಿ. ಬೋರ್ ಮಾತು ಸಿಲಿಂಡರ್ ಗೋಡೆಯ ಗೀರು ಕಣ್ಣಾರೆ ಕಂಡ ಮೇಲೆ.

ಪ್ರಶ್ನೆ: ಎರಡೂ ಸಿಲಿಂಡರ್ 85 ಇದ್ದರೂ ಸ್ಲೋ ಮಾಡಿದರೆ ಇಂಜಿನ್ ನಿಲ್ಲುತ್ತದೆ. ಏಕೆ?
— ಓದುಗರು, ಲಕ್ಕವಳ್ಳಿ

ಉತ್ತರ: ಗೇಜ್ ಪಿಸ್ಟನ್ನಿನ ಮೇಲ್ಭಾಗವನ್ನಷ್ಟೇ ಅಳೆಯುತ್ತದೆ. ಟೂ-ಸ್ಟ್ರೋಕಿನಲ್ಲಿ ಪಿಸ್ಟನ್ನಿನ ಆಚೆ ಬದಿಯ, ಕ್ರ್ಯಾಂಕ್ ತಿರುಗುವ ಪೆಟ್ಟಿಗೆಯೂ (ಕ್ರ್ಯಾಂಕ್‌ಕೇಸ್) ಗಾಳಿ ಸೋರದಂತಿರಬೇಕು. ಕಾರ್ಬ್ಯುರೇಟರಿನ ಸ್ಲೋ ಜೆಟ್ (ನಿಧಾನ ಓಟಕ್ಕೆ ಪೆಟ್ರೋಲ್ ಬಿಡುವ ಸಣ್ಣ ತೂತು) ತೊಳೆದೂ ಸರಿಹೋಗದಿದ್ದರೆ ಕ್ರ್ಯಾಂಕ್ ಆಯಿಲ್ ಸೀಲ್ ಮತ್ತು ರೀಡ್ ವಾಲ್ವ್ (ಒಳಬಂದ ಗಾಳಿಯನ್ನು ಹಿಂದಕ್ಕೆ ಬಿಡದ ತೆಳು ಪಟ್ಟಿ) ಬಿಚ್ಚಿ ನೋಡಿಸಿ.