ಟ್ರೇಲರ್ ಅಡುಗೆ: ಒಗ್ಗರಣೆ ಒಳಗೋ, ಹೊರಗೋ?

ಪ್ರಶ್ನೆ: ಬಾಡಿಗೆಯ ಟ್ರಾವೆಲ್ ಟ್ರೇಲರ್ (ಕಾರಿನ ಹಿಂದೆ ಕಟ್ಟುವ ಮನೆಗಾಡಿ) ಎಳೆದುಕೊಂಡು ಕ್ಯಾಲಿಫೋರ್ನಿಯಾದಿಂದ ಯೆಲ್ಲೋಸ್ಟೋನ್‌ಗೆ ಹೊರಟಿದ್ದೇವೆ. ಮೈಸೂರಿನಿಂದ ಬಂದಿರುವ ಅಪ್ಪ, ಅಮ್ಮನೂ ಜೊತೆಗಿರುತ್ತಾರೆ. ಅವರಿಗೆ ದಿನಕ್ಕೊಮ್ಮೆಯಾದರೂ ಅನ್ನ, ಸಾರು ಆಗಲೇಬೇಕು. ಒಳಗಿರುವ ಮೂರು ಬರ್ನರ್ ಒಲೆ ಸಾಕೇ, ಹೊರಗೆ ಬೇರೆ ಒಲೆ ಹೂಡಬೇಕೇ?
ಓದುಗರು, ಫ್ರೀಮಾಂಟ್

ಉತ್ತರ: ಕುಕ್ಕರ್ ಒಳಗಿರಲಿ, ಬಾಣಲೆ, ಕಾವಲಿ ಎರಡೂ ಹೊರಗೆ ಹೋಗಲಿ. ಬಹಳ ಮಂದಿ ಇದನ್ನು ತಿರುವುಮುರುವು ಮಾಡುತ್ತಾರೆ. ಕುಕ್ಕರ್ ಕೂಗುತ್ತದೆಂದು ಅದನ್ನು ಹೊರಗಿಟ್ಟು, ‘ಚೂರು ಒಗ್ಗರಣೆ ತಾನೇ’ ಎಂದು ಒಳಗೆ ಸಾಸಿವೆ ಸಿಡಿಸುತ್ತಾರೆ. ಒಣಮೆಣಸಿನಕಾಯಿಯ ಘಾಟಿಗೆ ಅಲ್ಲಿ ಹೋಗಲು ಜಾಗವಿಲ್ಲ. ಎಣ್ಣೆಯ ಆವಿ ಪರದೆ, ಹಾಸಿಗೆ, ಸೀಟಿನ ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಬಿಡದು. ಗಾಡಿ ಬಾಡಿಗೆಯದು ಬೇರೆ. ಶುಚಿ ಮಾಡಿಸುವ ಖರ್ಚು ಯಾರ ತಲೆಗೆ ಎಂದು ಕರಾರುಪತ್ರದಲ್ಲಿ ಮೊದಲೇ ನೋಡಿಕೊಳ್ಳಿ. ಹೊಗೆ ಅಲಾರಂ ಬಡಿದುಕೊಂಡಿತೆಂದು ಅದರ ಬ್ಯಾಟರಿ ಕಿತ್ತಿಡುವ ಚಾಳಿ ಮಾತ್ರ ಬೇಡ.

ಕುಕ್ಕರಿಗೆ ಬೇಕಾದ್ದು ಅಲುಗದ ಉರಿ, ಅದು ಒಳಗೇ ಸಿಗುವುದು. ಇಂಥ ಒಲೆಗಳಲ್ಲಿ ದೊಡ್ಡ ಬರ್ನರ್ ಸಾಮಾನ್ಯವಾಗಿ 9,000 ಬಿಟಿಯು (ಒಲೆ ಗಂಟೆಗೆ ಕೊಡುವ ಶಾಖದ ಅಳತೆ), ಉಳಿದೆರಡು 6,500ರ ಆಸುಪಾಸು. ಮೂರು ಲೀಟರ್ ಕುಕ್ಕರಿಗೆ ಇದು ಧಾರಾಳ. ಐದು ಲೀಟರಿನದು ಎಷ್ಟೋ ಟ್ರೇಲರ್‌ಗಳಲ್ಲಿ ಒಲೆಯ ಮೇಲಿನ ಹೊಗೆ ಎಳೆಯುವ ಹುಡ್‌ಗೆ ತಾಗಿ ವೆಯ್ಟ್ ಎತ್ತಲು ಜಾಗವೇ ಇರುವುದಿಲ್ಲ. ಹೊರಡುವ ಮುನ್ನ ಟೇಪು ಹಿಡಿದು ಎತ್ತರ ಅಳೆಯಿರಿ. ಒಲೆಗೆ ಗಾಜಿನ ಮುಚ್ಚಳವಿದ್ದರೆ ಪೂರ್ತಿ ಎತ್ತಿ ಹಚ್ಚಿ. ಬರ್ನರ್ ಆರದೆ ಮುಚ್ಚಿದರೆ ಗಾಜು ಸಿಡಿದು ಚೂರಾಗುತ್ತದೆ.

ಕುಕ್ಕರ್ ಬಿಟ್ಟು ಹೋಗುವ ಯೋಚನೆಯಿದ್ದರೆ ಕೈಬಿಡಿ. ಯೆಲ್ಲೋಸ್ಟೋನ್ ಸರೋವರ ಸುಮಾರು 7,700 ಅಡಿ ಎತ್ತರದಲ್ಲಿದೆ. ಅಲ್ಲಿ ನೀರು 92 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಕರಗಲು ಬಹಳ ಹೊತ್ತು ಹಿಡಿಯುತ್ತದೆ. ಕುಕ್ಕರಿನಲ್ಲೂ ಮನೆಗಿಂತ ಕಾಲುಭಾಗ ಹೆಚ್ಚು ಹೊತ್ತು ಬೇಕು: ಮೂರು ಕೂಗಿಗೆ ಬೇಯುತ್ತಿದ್ದ ಬೇಳೆಗೆ ನಾಲ್ಕು ಕೂಗಿಸಿ, ಬೇಳೆಯನ್ನು ಅರ್ಧ ಗಂಟೆ ಮೊದಲೇ ನೆನೆಸಿಡಿ.

ಇನ್ನು ಹುಡ್‌ನ ವಿಷಯ. ಫ್ಯಾನ್ ಗರ್ರೆನ್ನುತ್ತಿದ್ದರೂ ಹಬೆ ಒಳಗೇ ಸುತ್ತುತ್ತಿದ್ದರೆ ಹೊರಗೆ ಬಂದು ಗೋಡೆ ನೋಡಿ. ಹೊರಕ್ಕೆ ಗಾಳಿ ತಳ್ಳುವ ಹುಡ್‌ಗಳಿಗೆ ಅಲ್ಲೊಂದು ಸಣ್ಣ ಮುಚ್ಚಳವಿರುತ್ತದೆ. ಓಡಾಟದಲ್ಲಿ ಬಡಿದುಕೊಳ್ಳದಂತೆ ಅದಕ್ಕೆ ಚಿಲಕ ಹಾಕಿರುತ್ತಾರೆ. ಅದನ್ನು ತಿರುಗಿಸಿ ಬಿಡಿಸಬೇಕು. ಜೊತೆಗೆ ಚಾವಣಿಯ ಕಿಂಡಿಯನ್ನೂ ಎದುರು ಕಿಟಕಿಯನ್ನೂ ನಾಲ್ಕು ಬೆರಳು ತೆರೆದಿಡಿ. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗೂ ಮಿಕ್ಕಿ ನೀರಾವಿ ಹುಟ್ಟುತ್ತದೆ. ಬೆಳಗ್ಗೆ ಕಿಟಕಿ ಗಾಜಿನಿಂದ ತೊಟ್ಟಿಕ್ಕುವ ನೀರಿನಲ್ಲಿ ಅದರ ಪಾಲೂ ಇದೆ. ಚಳಿಗೆಂದು ಒಲೆ ಹಚ್ಚಿ ಬೆಚ್ಚಗಾಗುವುದಂತೂ ಕೂಡದು, ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಇದ್ದಿಲ ಒಲೆಯನ್ನು ಕೆಂಡ ಬೂದಿಯಾದ ಮೇಲೂ ಒಳಗೆ ತರಬೇಡಿ.

ಪ್ರಶ್ನೆ: ಟ್ರೇಲರ್‌ನ ಹೊರಮೈಯಲ್ಲಿ ಗ್ಯಾಸಿನ ಕ್ವಿಕ್ ಕನೆಕ್ಟ್ (ಹೋಸ್ ಸಿಕ್ಕಿಸುವ ಕೊಂಡಿ) ಇದೆ. ನಮ್ಮ ಎರಡು ಬರ್ನರ್ ಕ್ಯಾಂಪ್ ಸ್ಟೋವನ್ನು ಅದಕ್ಕೆ ಜೋಡಿಸಿದರೆ ಉರಿ ಮಿಣುಕುತ್ತದೆ. ಸ್ಟೋವ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಟ್ರೇಲರ್‌ನ ರೆಗ್ಯುಲೇಟರ್ ಸಿಲಿಂಡರಿನ ಒತ್ತಡವನ್ನು ಆಗಲೇ 11 ಇಂಚು ನೀರಿನ ಮಟ್ಟಕ್ಕೆ, ಅಂದರೆ ಅರ್ಧ ಪಿಎಸ್‌ಐಗಿಂತಲೂ (ಚದರ ಇಂಚಿಗೆ ಅರ್ಧ ಪೌಂಡಿಗಿಂತಲೂ) ಕಮ್ಮಿಗೆ ಇಳಿಸಿರುತ್ತದೆ. ಕ್ಯಾಂಪ್ ಸ್ಟೋವ್ ತನ್ನದೇ ರೆಗ್ಯುಲೇಟರಿನಿಂದ ಇನ್ನೊಮ್ಮೆ ಇಳಿಸಿದರೆ ಉರಿಗೆ ಉಳಿಯುವುದೇನು? ಆ ಕೊಂಡಿಗೆ ಕಡಿಮೆ ಒತ್ತಡದ ಒಲೆಯೇ ಬೇಕು. ನಿಮ್ಮ ಸ್ಟೋವಿಗೆ ಒಂದು ಪೌಂಡಿನ ಹಸಿರು ಪ್ರೊಪೇನ್ ಡಬ್ಬಿ, ಇಲ್ಲವೇ ಹೈ ಪ್ರೆಶರ್ ಹೋಸ್ ಹಾಕಿ 20 ಪೌಂಡಿನ ಬೇರೆ ಸಿಲಿಂಡರ್ ಕೊಡಿ. 10,000 ಬಿಟಿಯು ಬರ್ನರ್ ಒಂದನ್ನು ಪೂರ್ತಿ ಉರಿಯಲ್ಲಿಟ್ಟರೆ ಆ ಡಬ್ಬಿ ಎರಡು ಗಂಟೆ ಬರುತ್ತದೆ, ಎರಡೂ ಉರಿಸಿದರೆ ಒಂದೇ ಗಂಟೆ. ಉಲ್ಟಾ ಮಾಡುವುದು ಅಪಾಯ: ಕಡಿಮೆ ಒತ್ತಡದ ಒಲೆಯನ್ನು ರೆಗ್ಯುಲೇಟರ್ ಇಲ್ಲದೆ ಸಿಲಿಂಡರಿಗೆ ಕಟ್ಟಿದರೆ ಉರಿ ಮುಖಕ್ಕೇ ಎದ್ದೀತು. ಜೋಡಿಸಿದಾಗಲೆಲ್ಲ ಸಂದಿಗೆ ಸೋಪು ನೀರು ಹಚ್ಚಿ, ಗುಳ್ಳೆ ಬರುತ್ತದೆಯೇ ನೋಡಿ.

ಗಾಳಿಗೆ ಮೂರು ಕಡೆ ತಗಡು ನಿಲ್ಲಿಸಿ. ಡಬ್ಬಿಯನ್ನು ಮಾತ್ರ ಅದರೊಳಗೆ ಸೇರಿಸಬೇಡಿ, ಕಾಯುತ್ತದೆ. ಬಟ್ಟೆಯ ಚಪ್ಪರದಡಿ ಒಲೆ ಬೇಡ. ದೋಸೆಗೆ ಭಾರದ ಬೀಡಿನ ಕಾವಲಿಯೇ ಸರಿ. ತೆಳು ನಾನ್‌ಸ್ಟಿಕ್ ಕಾವಲಿ ಪ್ರತಿ ಗಾಳಿಗೂ ತಣ್ಣಗಾಗಿ ದೋಸೆ ಬಿಳಚಿಕೊಳ್ಳುತ್ತದೆ.

ಪ್ರಶ್ನೆ: ಗ್ಯಾಸಿನ ಗೋಜೇ ಬೇಡ, ಇಂಡಕ್ಷನ್ ಒಲೆ ಆಗದೇ?

ಉತ್ತರ: ಕರೆಂಟ್ ಇರುವಲ್ಲಿ ಆದೀತು. ಯೆಲ್ಲೋಸ್ಟೋನ್ ಉದ್ಯಾನದೊಳಗೆ ಟ್ರೇಲರಿಗೆ ಕರೆಂಟ್ ಸಿಗುವುದು ಫಿಷಿಂಗ್ ಬ್ರಿಜ್ ಶಿಬಿರದಲ್ಲಷ್ಟೇ. ಅಮೆರಿಕದ 120 ವೋಲ್ಟಿನಲ್ಲಿ 30 ಆಂಪ್ ಟ್ರೇಲರಿಗೆ ಒಟ್ಟು 3,600 ವಾಟ್. 1,800 ವಾಟಿನ ಇಂಡಕ್ಷನ್ ಒಂದೇ 15 ಆಂಪ್ ಎಳೆಯುತ್ತದೆ. ಎಸಿ, ಮೈಕ್ರೋವೇವ್ ಜೊತೆಯಾದರೆ ಬ್ರೇಕರ್ ಬಿತ್ತೆಂದೇ ಲೆಕ್ಕ. ಶಿಬಿರದ ಕರೆಂಟ್ ಕಂಬದಲ್ಲಿ ಬೇರೆಯೇ 20 ಆಂಪ್ ಸಾಕೆಟ್ ಇದ್ದರೆ 12 ಗೇಜಿನ ವೈರಿನಿಂದ ಅಲ್ಲಿಗೇ ಜೋಡಿಸಿ, ಒಲೆಯನ್ನು ಹೊರಗಿನ ಮೇಜಿನ ಮೇಲಿಡಿ.

ಪ್ರಶ್ನೆ: ಹೊರಗೆ ಅಡುಗೆ ಮಾಡಿದರೆ ಕರಡಿ ಬರುವುದಿಲ್ಲವೇ?

ಉತ್ತರ: ಅಡುಗೆ ಮಾಡುವುದಕ್ಕಿಂತ ಬಿಟ್ಟು ಹೋಗುವುದು ಕರಡಿಯನ್ನು ಕರೆಯುತ್ತದೆ. ಒಲೆ, ಎಣ್ಣೆ ಬಾಟಲಿ, ಕಸ, ಖಾಲಿ ಕಾವಲಿ ಸಮೇತ ಎಲ್ಲವನ್ನೂ ಗಟ್ಟಿ ಗೋಡೆಯ ಗಾಡಿಯೊಳಗೆ ಅಥವಾ ಕಬ್ಬಿಣದ ಪೆಟ್ಟಿಗೆಯೊಳಗೆ ಇಡಬೇಕೆಂಬುದು ಅಲ್ಲಿನ ನಿಯಮ. ಫಿಷಿಂಗ್ ಬ್ರಿಜ್‌ನಲ್ಲಿ ಬಟ್ಟೆ ಗೋಡೆಯ ಮಡಚುವ ಟ್ರೇಲರಿಗೆ ಪ್ರವೇಶವೇ ಇಲ್ಲ. ಮುಸುರೆ ನೀರನ್ನು ಪೊದೆಗೆ ಚೆಲ್ಲದೆ ಟ್ರೇಲರಿನ ಕೊಳೆನೀರಿನ ಟ್ಯಾಂಕಿಗೇ ಬಿಡಿ. ತಿಕ್ಕುವ ಮೊದಲು ಜಿಡ್ಡನ್ನು ಕಾಗದದಲ್ಲಿ ಒರೆಸಿ ತೆಗೆದರೆ ಟ್ಯಾಂಕೂ ನಾರುವುದಿಲ್ಲ.