ಅಂಪೈರ್ ಇಲ್ಲದ ಆಟ: ಗಾಲ್ಫ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಕ್ರಿಕೆಟ್ಟಿನವೇ. ಆದರೆ 2021ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದರಲ್ಲ, ಅಮ್ಮನ ಹೆಗಲಿಗೆ ಬ್ಯಾಗ್ ಹಾಕಿಸಿಕೊಂಡು? ಅವತ್ತು ಬೆಳಗಿನ ಜಾವ ಎದ್ದು ಟಿವಿ ಹಾಕಿದವರಲ್ಲಿ ಕೆಲವರು ಆಮೇಲೂ ಗಾಲ್ಫ್ ಬಿಡಲಿಲ್ಲ. ಅವರ ಪ್ರಶ್ನೆಗಳು ಆಗಾಗ ಬರುತ್ತಿರುತ್ತವೆ. ಈ ಸಲದವೆಲ್ಲ ನಿಯಮ, ದಂಡ, ಪ್ರಾಮಾಣಿಕತೆಯ ಸುತ್ತಲೇ ಇದ್ದವು. ಹಾಗಾಗಿ ಒಟ್ಟಿಗೇ ಉತ್ತರಿಸಿದ್ದೇನೆ.

ಪ್ರಶ್ನೆ: ಫೋನಿನಲ್ಲಿ ಒಂದು ವಿಡಿಯೊ ಬಂತು. ಗಾಲ್ಫ್ ಆಟಗಾರರೊಬ್ಬರು ಮರಳಿನಿಂದ ಚೆಂಡು ಹೊಡೆದ ಮೇಲೆ ತಾವೇ ರೆಫರಿಗೆ ಹೇಳಿ ಎರಡು ಹೊಡೆತದ ದಂಡ ಹಾಕಿಸಿಕೊಂಡರು. ಬೇರೆ ಯಾರಿಗೂ ತಪ್ಪು ಕಂಡಿರಲಿಲ್ಲ. ಇದು ನಿಜವಾ, ಇಲ್ಲಾ ಕ್ಯಾಮೆರಾ ಇದೆ ಅಂತ ನಾಟಕವಾ? (ಶಿವಮೊಗ್ಗದ ಓದುಗರು)

ಉತ್ತರ: ನೀವು ನೋಡಿದ್ದು ಸಾಹಿತ್ ತೀಗಲ ಅವರನ್ನೇ ಇರಬೇಕು. ಹೆಸರು ನೋಡಿದರೆ ಗೊತ್ತಾಗುತ್ತದೆ, ನಮ್ಮ ಪಕ್ಕದ ತೆಲುಗು ಮೂಲದವರು. ಹುಟ್ಟಿ ಬೆಳೆದಿದ್ದು ಕ್ಯಾಲಿಫೋರ್ನಿಯಾದಲ್ಲಿ. 2024ರ ಟೂರ್ ಚಾಂಪಿಯನ್‌ಶಿಪ್, ಅಟ್ಲಾಂಟಾದ ಈಸ್ಟ್ ಲೇಕ್ ಕೋರ್ಸ್, ಮೂರನೇ ದಿನದ ಮೂರನೇ ಹೋಲ್ (ಹೋಲ್ ಅಂದರೆ ಚೆಂಡು ಬೀಳಿಸಬೇಕಾದ ಕುಳಿ, ಒಂದು ಸುತ್ತಿಗೆ ಹದಿನೆಂಟು). ಚೆಂಡು ಬಂಕರ್‌ನಲ್ಲಿತ್ತು, ಅಂದರೆ ಮರಳಿನ ಗುಂಡಿಯಲ್ಲಿ. ಅಲ್ಲಿಂದ ಹೊಡೆಯುವಾಗ ಕ್ಲಬ್ಬನ್ನು, ಅಂದರೆ ಹೊಡೆಯುವ ಕೋಲನ್ನು, ಹಿಂದಕ್ಕೆ ಎತ್ತುವ ಹೊತ್ತಿಗೆ ಅದರ ಅಡಿ ಮರಳಿಗೆ ಸೋಕಬಾರದು. ಸೋಕಿದರೆ ಎರಡು ಹೊಡೆತ ದಂಡ, ಅಂದರೆ ಲೆಕ್ಕಕ್ಕೆ ಎರಡು ಸೇರುತ್ತದೆ. ಗಾಲ್ಫ್‌ನಲ್ಲಿ ಗೆಲ್ಲುವುದು ಕಡಿಮೆ ಹೊಡೆತದವರು. ತೀಗಲ ಅವರಿಗೆ ಒಂದಿಷ್ಟು ಮರಳ ಕಾಳು ಕದಲಿದ ಹಾಗೆ ಅನ್ನಿಸಿತು. ಅನ್ನಿಸಿದ್ದನ್ನು ಹೇಳಿದರು. ವಿಡಿಯೊ ತಿರುಗಿಸಿ ನೋಡಿದರೂ ಖಚಿತವಾಗಿ ಹೇಳುವ ಹಾಗಿರಲಿಲ್ಲ. ಆದರೂ ದಂಡ ಹಾಕಿಸಿಕೊಂಡರು. ಆ ಟೂರ್ನಿಯಲ್ಲಿ ಮೂರನೇ ಸ್ಥಾನಕ್ಕೆ ಬಂದರು.

ನಾಟಕವಾ ಅಂದಿರಿ. ಲಕ್ಷಗಟ್ಟಲೆ ಡಾಲರ್ ಕಳೆದುಕೊಳ್ಳಬಹುದಾದ ನಾಟಕವನ್ನು ಯಾರು ಆಡುತ್ತಾರೆ ಹೇಳಿ?

ಆದರೆ ಪ್ರಶ್ನೆಯ ಒಳಗಿರುವ ಅನುಮಾನ ನನಗೆ ಅರ್ಥವಾಗುತ್ತದೆ. ಗಾಲ್ಫ್ ಕೋರ್ಸ್ ಅಂದರೆ ನೂರಾರು ಎಕರೆ. ದೊಡ್ಡ ಟೂರ್ನಿಯ ಮೊದಲ ದಿನ ನೂರೈವತ್ತರಷ್ಟು ಆಟಗಾರರು ಇಬ್ಬಿಬ್ಬರು, ಮೂವರು ಮೂವರಾಗಿ ಹರಡಿಕೊಂಡಿರುತ್ತಾರೆ. ರೆಫರಿಗಳು ಇದ್ದಾರೆ, ಆದರೆ ಪ್ರತಿಯೊಬ್ಬರ ಹಿಂದೆ ಒಬ್ಬೊಬ್ಬ ರೆಫರಿ ಓಡಲು ಆಗುವುದಿಲ್ಲ. ಹಾಗಾಗಿ ಮೊದಲಿನಿಂದಲೂ ಒಂದು ಏರ್ಪಾಡು ಇದೆ: ನಿಮ್ಮ ಲೆಕ್ಕವನ್ನು ಜೊತೆಗೆ ಆಡುವವರು ಬರೆಯುತ್ತಾರೆ, ಅವರದ್ದನ್ನು ನೀವು ಬರೆಯುತ್ತೀರಿ. ಕೊನೆಗೆ ಕಾರ್ಡ್ ಬದಲಾಯಿಸಿಕೊಂಡು, ಹೋಲ್ ಹೋಲ್ ನೋಡಿ ಸಹಿ ಹಾಕಬೇಕು. ಚೆಂಡು ಪೊದೆಯೊಳಗೆ ಹೋದಾಗ ಅಲ್ಲಿ ನೀವು, ನಿಮ್ಮ ಬ್ಯಾಗ್ ಹೊರುವ ಕ್ಯಾಡಿ, ಒಂದೆರಡು ಗುಬ್ಬಿ. ಅಷ್ಟೇ.

ಪ್ರಶ್ನೆ: ಕ್ರಿಕೆಟ್‌ನಲ್ಲಿ ಚೆಂಡು ಬ್ಯಾಟಿಗೆ ತಾಗಿದ್ದು ಗೊತ್ತಿದ್ದರೂ ಗೂಟ ಹೊಡೆದ ಹಾಗೆ ನಿಂತಿರುತ್ತಾರೆ. ಗಾಲ್ಫ್‌ನವರು ಮಾತ್ರ ಹರಿಶ್ಚಂದ್ರನ ವಂಶದವರಾ? (ಮೈಸೂರಿನ ಓದುಗರು)

ಉತ್ತರ: ಅಲ್ಲವೇ ಅಲ್ಲ. ಕ್ರಿಕೆಟ್‌ನಲ್ಲಿ ಅಂಪೈರ್ ಇದ್ದಾರೆ. "ಹೇಳೋದು ಅವರ ಕೆಲಸ, ನಾನ್ಯಾಕೆ ಹೇಳ್ಲಿ" ಅನ್ನುವ ದಾರಿ ಅಲ್ಲಿ ತೆರೆದಿದೆ. ಗಾಲ್ಫ್‌ನಲ್ಲಿ ಆ ದಾರಿಯೇ ಇಲ್ಲ. ನೀವು ಬಾಯಿ ಮುಚ್ಚಿಕೊಂಡರೆ ಅದು ಸುಮ್ಮನಿರುವುದಲ್ಲ, ಸುಳ್ಳು ಲೆಕ್ಕಕ್ಕೆ ಸಹಿ ಹಾಕುವುದು.

ಹಾಗಂತ ಕ್ರಿಕೆಟ್ಟನ್ನೂ ಪೂರ್ತಿ ಬಯ್ಯಬೇಡಿ. ಭದ್ರಾವತಿಯ ನಮ್ಮ ವಿಶಿ ನೆನಪಿದ್ದಾರಲ್ಲ? 1980ರಲ್ಲಿ ಮುಂಬೈನ ಜುಬಿಲಿ ಟೆಸ್ಟ್. ಜಿ.ಆರ್. ವಿಶ್ವನಾಥ್ ನಾಯಕ. ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟಾಯಿತು. ಸ್ಲಿಪ್‌ನಲ್ಲಿದ್ದ ವಿಶಿಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಅನ್ನಿಸಿತು, ವಾಪಸ್ ಕರೆಸಿದರು. ಟೇಲರ್ ಮತ್ತು ಬೋಥಮ್ 171 ರನ್ ಜೊತೆಯಾಟ ಆಡಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಆಗ ಎಷ್ಟು ಜನ ವಿಶಿಯನ್ನು ಬೈದರೋ! ಈಗ ಅದೇ ಪಂದ್ಯವನ್ನು ಹೆಮ್ಮೆಯಿಂದ ನೆನೆಯುತ್ತೇವೆ.

ಗಾಲ್ಫ್‌ನಲ್ಲಿ ಎಲ್ಲರೂ ಎತ್ತಿ ಹೇಳುವ ಹೆಸರು ಬಾಬಿ ಜೋನ್ಸ್. 1925ರ ಯುಎಸ್ ಓಪನ್‌ನಲ್ಲಿ ಹುಲ್ಲಿನೊಳಗೆ ಚೆಂಡು ಅಲುಗಿತು ಅಂತ ತಾವೇ ಒಂದು ಹೊಡೆತ ದಂಡ ಹಾಕಿಕೊಂಡರು. ಬೇರೆ ಯಾರೂ ಅದನ್ನು ನೋಡಿರಲಿಲ್ಲ. ಕೊನೆಗೆ ಇಬ್ಬರ ಲೆಕ್ಕ ಸಮವಾಗಿ, ಪ್ಲೇಆಫ್‌ನಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನ್ ಎದುರು ಸೋತರು. ಜನ ಹೊಗಳಿದಾಗ ಅವರು ಕೊಟ್ಟರೆನ್ನುವ ಉತ್ತರ ಇಂದಿಗೂ ಓಡಾಡುತ್ತಿದೆ: ಬ್ಯಾಂಕ್ ದರೋಡೆ ಮಾಡಲಿಲ್ಲ ಅಂತ ಯಾರನ್ನಾದರೂ ಹೊಗಳುತ್ತಾರಾ?

ಒಳ್ಳೆಯ ಮಾತೇ. ಆದರೆ ನನಗೆ ಜೋನ್ಸ್‌ಗಿಂತ ಹೆಚ್ಚು ಇಷ್ಟವಾಗುವವರು ಜೆ.ಪಿ. ಹೇಯ್ಸ್. ಈ ಹೆಸರು ಗಾಲ್ಫ್ ನೋಡುವವರಲ್ಲೂ ಎಷ್ಟೋ ಜನರಿಗೆ ಗೊತ್ತಿಲ್ಲ. ಅಮೆರಿಕದ ವೃತ್ತಿಪರ ಟೂರ್ನಿಗಳ ಸರಣಿಯಾದ ಪಿಜಿಎ ಟೂರ್‌ನಲ್ಲಿ ಎರಡು ಟೂರ್ನಿ ಗೆದ್ದಿದ್ದ ಮನುಷ್ಯ, 2008ರ ಹೊತ್ತಿಗೆ ಫಾರ್ಮ್ ಹೋಗಿತ್ತು. ಮುಂದಿನ ವರ್ಷ ಟೂರ್‌ನಲ್ಲಿ ಜಾಗ ಬೇಕೆಂದರೆ ಅರ್ಹತಾ ಸುತ್ತು ಆಡಬೇಕಿತ್ತು. ನವೆಂಬರ್, ಟೆಕ್ಸಾಸ್. ಮೊದಲ ದಿನದ ಆಟದ ನಡುವೆ ಕ್ಯಾಡಿ ಬ್ಯಾಗಿನಿಂದ ಒಂದು ಚೆಂಡು ತೆಗೆದು ಎಸೆದರು. ಹೇಯ್ಸ್ ಆಡಿದರು. ಗ್ರೀನ್ ಮೇಲೆ, ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಹೋಗಿ ಚೆಂಡು ಎತ್ತಿ ನೋಡಿದರೆ, ಶುರು ಮಾಡಿದ ಮಾದರಿಯದಲ್ಲ. ಹೇಳಿದರು, ಎರಡು ಹೊಡೆತ ದಂಡ ಬಿತ್ತು. ಅಲ್ಲಿಗೆ ಮುಗಿಯಿತು ಅಂದುಕೊಂಡು ಎರಡನೇ ದಿನವೂ ಆಡಿದರು.

ಆ ರಾತ್ರಿ ಹೋಟೆಲ್ ಕೋಣೆಯಲ್ಲಿ ಕೂತಾಗ ತಲೆಯಲ್ಲಿ ಹುಳ ಹೊಕ್ಕಿತು. ಆ ಚೆಂಡು ಕಂಪನಿ ಪರೀಕ್ಷೆಗೆಂದು ಕೊಟ್ಟಿದ್ದ ಮಾದರಿ ಇರಬಹುದಾ? ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ, ಅನುಮತಿಯ ಪಟ್ಟಿಯಲ್ಲೂ ಇರಲಿಲ್ಲ. ಬ್ಯಾಗಿನ ಮೂಲೆಯಲ್ಲಿ ಉಳಿದುಬಿಟ್ಟಿತ್ತು. ಕ್ಯಾಮೆರಾ ಇಲ್ಲ, ಸಾಕ್ಷಿ ಇಲ್ಲ, ಜೊತೆಗೆ ಆಡಿದವರಿಗೂ ಗೊತ್ತಿಲ್ಲ. ಅಷ್ಟಕ್ಕೂ ಆ ಚೆಂಡಿನಲ್ಲಿ ಆಡಿದ್ದು ಒಂದೇ ಒಂದು ಹೋಲ್. ಹೇಯ್ಸ್ ಫೋನ್ ಎತ್ತಿ ಅಧಿಕಾರಿಗಳಿಗೆ ಹೇಳಿದರು. ಅನರ್ಹರಾದರು. ಮುಂದಿನ ವರ್ಷ ಟೂರ್‌ನಲ್ಲಿ ಪೂರ್ಣ ಜಾಗ ಪಡೆಯುವ ಅವಕಾಶ ಆ ಒಂದು ಫೋನ್ ಕರೆಯಲ್ಲಿ ಹೋಯಿತು.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ದೀಪ ಆರಿಸಿ ಮಲಗುತ್ತಿದ್ದೆನೇನೋ.

ಪ್ರಶ್ನೆ: ಲೆಕ್ಕ ತಪ್ಪಾಗಿ ಬರೆದ ಕಾಗದಕ್ಕೆ ಸಹಿ ಹಾಕಿದ್ದಕ್ಕೆ ಗೆಲುವಿನ ಅವಕಾಶವನ್ನೇ ಕಿತ್ತುಕೊಂಡರಂತೆ. ಲಕ್ಷಾಂತರ ಜನ ಟಿವಿಯಲ್ಲಿ ನೋಡಿದ್ದಕ್ಕಿಂತ ಕಾಗದ ದೊಡ್ಡದಾ? (ದಾವಣಗೆರೆಯ ಓದುಗರು)

ಉತ್ತರ: ಆ ದಿನ ದೊಡ್ಡದಾಯಿತು. ನಿಮ್ಮ ಸಿಟ್ಟು ನನಗೂ ಇದೆ.

1968ರ ಏಪ್ರಿಲ್ 14, ಅಗಸ್ಟಾದ ಮಾಸ್ಟರ್ಸ್ ಟೂರ್ನಿಯ ಕೊನೆಯ ದಿನ. ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ ಅವರ 45ನೇ ಹುಟ್ಟುಹಬ್ಬ. ಸುತ್ತಲಿದ್ದವರು ಹುಟ್ಟುಹಬ್ಬದ ಹಾಡು ಹೇಳಿದರು. ಅವರೂ ದೇವರು ಮೈಮೇಲೆ ಬಂದ ಹಾಗೆ ಆಡಿದರು. 17ನೇ ಹೋಲನ್ನು ಮೂರು ಹೊಡೆತದಲ್ಲಿ ಮುಗಿಸಿದರು. ಆದರೆ ಅವರ ಕಾರ್ಡ್ ಬರೆಯುತ್ತಿದ್ದ ಟಾಮಿ ಆರನ್ ಅಲ್ಲಿ 4 ಅಂತ ಬರೆದರು. ಬೇಕಂತ ಅಲ್ಲ, ಕೈತಪ್ಪು. 18ರಲ್ಲಿ ಡಿ ವಿಸೆಂಜೊಗೆ ಒಂದು ಹೊಡೆತ ಜಾಸ್ತಿ ಆಯಿತು. ಅದೇ ಬೇಜಾರಿನಲ್ಲಿ ಕಾರ್ಡಿನ ಮೇಲೆ ಕಣ್ಣಾಡಿಸದೆ ಸಹಿ ಹಾಕಿಬಿಟ್ಟರು.

ನಿಯಮ ಹೀಗಿದೆ: ನಿಜಕ್ಕಿಂತ ಕಡಿಮೆ ಹೊಡೆತ ಬರೆದು ಸಹಿ ಹಾಕಿದರೆ ಅನರ್ಹ. ಜಾಸ್ತಿ ಬರೆದು ಸಹಿ ಹಾಕಿದರೆ ಆ ಜಾಸ್ತಿಯೇ ಖಾಯಂ. ನಿಜವಾಗಿ ಹೊಡೆದದ್ದು 65, ಕಾಗದದಲ್ಲಿ 66. ಆ ಒಂದು ಅಂಕಿಯಿಂದ ಬಾಬ್ ಗೋಲ್ಬಿ ಜೊತೆ ಆಡಬೇಕಿದ್ದ ಪ್ಲೇಆಫ್ ಹೋಯಿತು, ಗೋಲ್ಬಿ ಚಾಂಪಿಯನ್ ಆದರು. ಏನು ಮಾಡುವುದೆಂದು ತೋಚದ ಅಧಿಕಾರಿಗಳು ಕಾಯಿಲೆಯಿಂದ ಮಲಗಿದ್ದ ಬಾಬಿ ಜೋನ್ಸ್ ಅವರನ್ನೇ ಕೇಳಿದರು. ಹೌದು, ಅದೇ ಬ್ಯಾಂಕ್ ದರೋಡೆಯ ಜೋನ್ಸ್. ಮಾಸ್ಟರ್ಸ್ ಶುರು ಮಾಡಿದವರಲ್ಲಿ ಅವರೂ ಒಬ್ಬರು. ನಿಯಮ ಬಿಟ್ಟು ಏನೂ ಮಾಡಲು ಆಗಲಿಲ್ಲ.

ಡಿ ವಿಸೆಂಜೊ ಆರನ್ ಮೇಲೆ ತಪ್ಪು ಹೊರಿಸಲಿಲ್ಲ. ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ "ನಾನೆಂಥ ದಡ್ಡ" ಅಂದರು. ನನಗೆ ಪಾಪ ಅನ್ನಿಸುವುದು ಗೋಲ್ಬಿ ಬಗ್ಗೆಯೂ. ಅವರೇನೂ ತಪ್ಪು ಮಾಡಿರಲಿಲ್ಲ. ಆದರೂ ಆ ಗೆಲುವಿನ ಮಾತು ಬಂದಾಗಲೆಲ್ಲ ಜನ ಮೊದಲು ನೆನೆಯುವುದು ಸೋತವರನ್ನು.

ಪ್ರಶ್ನೆ: ಟಿವಿ ನೋಡುವಾಗ ಆಟಗಾರರ ತಪ್ಪು ನನಗೆ ಕಂಡರೆ ದೂರು ಕೊಡಬಹುದಾ? (ಹುಬ್ಬಳ್ಳಿಯ ಓದುಗರು)

ಉತ್ತರ: ಈಗ ಕೊಟ್ಟರೆ ಯಾರೂ ತೆಗೆದು ನೋಡುವುದಿಲ್ಲ. ಮೊದಲು ನೋಡುತ್ತಿದ್ದರು, ಅದೇ ದೊಡ್ಡ ತಲೆನೋವು.

1987ರಲ್ಲಿ ಕ್ಯಾಲಿಫೋರ್ನಿಯಾದ ಟೊರಿ ಪೈನ್ಸ್‌ನಲ್ಲಿ ಕ್ರೇಗ್ ಸ್ಟ್ಯಾಡ್ಲರ್ ಮರದ ಕೆಳಗಿನ ಚೆಂಡನ್ನು ಮಂಡಿಯೂರಿ ಹೊಡೆದರು. ಪ್ಯಾಂಟ್ ಕೊಳೆಯಾಗದಿರಲಿ ಅಂತ ಟವೆಲ್ ಹಾಸಿಕೊಂಡಿದ್ದರು. ನಮ್ಮ ಮನೆಯವರಾಗಿದ್ದರೆ ಜಾಣ ಅಂತ ಬೆನ್ನು ತಟ್ಟುತ್ತಿದ್ದರು. ಮಾರನೇ ದಿನ ಟಿವಿ ನೋಡಿದವರು ಫೋನ್ ಮಾಡಿದರು: ನಿಲ್ಲಲು ನೆಲ ಕಟ್ಟಿಕೊಂಡ ಹಾಗಾಯಿತಲ್ಲ, ಇದು ತಪ್ಪು. ಸ್ಟ್ಯಾಡ್ಲರ್ ದಂಡ ಸೇರಿಸದ ಕಾರ್ಡಿಗೆ ಆಗಲೇ ಸಹಿ ಹಾಕಿದ್ದರು, ಅನರ್ಹರಾದರು. ಆ ಮರಕ್ಕೆ ರೋಗ ಬಂದಾಗ, 1995ರಲ್ಲಿ, ಕಡಿಯಲು ಅವರನ್ನೇ ಕರೆದರು. ಗರಗಸ ಹಿಡಿದು ಬಂದರು!

2017ರಲ್ಲಿ ಆಗಿದ್ದು ನಗುವಂಥದ್ದಲ್ಲ. ಎಎನ್‌ಎ ಇನ್‌ಸ್ಪಿರೇಷನ್, ಮಹಿಳೆಯರ ಮೇಜರ್, ಅಂದರೆ ಅತಿ ದೊಡ್ಡ ಟೂರ್ನಿಗಳಲ್ಲಿ ಒಂದು. ಲೆಕ್ಸಿ ಥಾಂಪ್ಸನ್ ಶನಿವಾರ 17ನೇ ಗ್ರೀನ್ ಮೇಲೆ ಚೆಂಡು ಎತ್ತಿ ಮತ್ತೆ ಇಡುವಾಗ ಅದೇ ಜಾಗದಲ್ಲಿ ಇಡಲಿಲ್ಲ. ವ್ಯತ್ಯಾಸ ಒಂದಂಗುಲದಷ್ಟು. ಯಾರೋ ಟಿವಿಯಲ್ಲಿ ನೋಡಿ ಇಮೇಲ್ ಕಳಿಸಿದರು. ಭಾನುವಾರ ಮುಂದೆ ಇದ್ದ ಲೆಕ್ಸಿಗೆ 12ನೇ ಹೋಲ್ ಮುಗಿಸಿ ಬರುವಾಗ ಹೇಳಿದರು: ತಪ್ಪು ಜಾಗಕ್ಕೆ ಎರಡು, ಗೊತ್ತಿಲ್ಲದೆ ಸಹಿ ಹಾಕಿದ ತಪ್ಪು ಕಾರ್ಡಿಗೆ ಅನರ್ಹತೆಯ ಬದಲು ಎರಡು, ಒಟ್ಟು ನಾಲ್ಕು ಹೊಡೆತ. ಕಣ್ಣೊರೆಸಿಕೊಳ್ಳುತ್ತಲೇ ಆಡಿ ಪ್ಲೇಆಫ್‌ವರೆಗೆ ಬಂದರು. ದಕ್ಷಿಣ ಕೊರಿಯಾದ ರ್‍ಯು ಸೊ ಯನ್ ಗೆದ್ದರು. 2018ರ ಜನವರಿಯಿಂದ ವೀಕ್ಷಕರ ದೂರು ನೋಡುವುದನ್ನೇ ನಿಲ್ಲಿಸಿದರು. ಗೊತ್ತಿಲ್ಲದೆ ತಪ್ಪು ಕಾರ್ಡಿಗೆ ಸಹಿ ಹಾಕಿದ್ದಕ್ಕೆ ಇದ್ದ ಆ ಹೆಚ್ಚುವರಿ ಎರಡು ಹೊಡೆತವೂ ಹೋಯಿತು.

ಸರಿಯಾದ ಕೆಲಸ. ಟಿವಿಯಲ್ಲಿ ಕಾಣುವುದು ಮುಂದೆ ಇರುವ ಕೆಲವರೇ. ಮೂಲೆಯಲ್ಲಿ ಆಡುವವರ ಒಂದಂಗುಲವನ್ನು ಅಳೆಯುವವರು ಯಾರು?

ಪ್ರಶ್ನೆ: ಹಾಗಾದರೆ ದೊಡ್ಡ ಆಟಗಾರರು ಮೋಸ ಮಾಡುವುದೇ ಇಲ್ಲವಾ? (ಮಂಗಳೂರಿನ ಓದುಗರು)

ಉತ್ತರ: ಮನಸ್ಸಿನೊಳಗೆ ಇಣುಕಿ ನೋಡಲು ನನಗೆ ಬರುವುದಿಲ್ಲ. 2019ರ ಡಿಸೆಂಬರ್‌ನಲ್ಲಿ ಬಹಾಮಾಸ್‌ನಲ್ಲಿ ಪ್ಯಾಟ್ರಿಕ್ ರೀಡ್ ಕ್ಲಬ್ ಹಿಂದಕ್ಕೆ ಎಳೆದು ನೋಡುವಾಗ ಚೆಂಡಿನ ಹಿಂದಿದ್ದ ಮರಳು ಸರಿಯಿತು, ಎರಡೆರಡು ಸಲ. ಕ್ಯಾಮೆರಾಕ್ಕೆ ಸಿಕ್ಕಿತು, ಎರಡು ಹೊಡೆತ ದಂಡ ಬಿತ್ತು. ಬೇಕಂತ ಮಾಡಿದ್ದಲ್ಲ, ಕ್ಯಾಮೆರಾದ ಕೋನದಿಂದ ಹಾಗೆ ಕಾಣುತ್ತದೆ ಅಂದರು ರೀಡ್. ಮುಂದಿನ ವಾರ ಮೆಲ್ಬರ್ನ್‌ನಲ್ಲಿ ಪ್ರೇಕ್ಷಕರು ಅವರನ್ನು ಬಿಡದೆ ಗೇಲಿ ಮಾಡಿದರು. ದಂಡ ಅವತ್ತೇ ಮುಗಿಯಿತು, ಹೆಸರಿಗೆ ಅಂಟಿದ್ದು ಮಾತ್ರ ಇನ್ನೂ ಹೋಗಿಲ್ಲ.

2025ರ ಬ್ರಿಟಿಷ್ ಓಪನ್‌ನಲ್ಲಿ ಐರ್ಲೆಂಡಿನ ಶೇನ್ ಲೌರಿ ಅಭ್ಯಾಸಕ್ಕೆಂದು ಕ್ಲಬ್ ಬೀಸಿದಾಗ ಚೆಂಡು ಚೂರು ಅಲುಗಿತ್ತು. ಅವರಿಗೆ ಅದು ಕಂಡಿರಲಿಲ್ಲ. ವಿಡಿಯೊ ತೋರಿಸಿದರು, ಎರಡು ಹೊಡೆತ ಒಪ್ಪಿಕೊಂಡು ಹೋದರು. ಜಗಳ ಆಡಿ ಮೋಸಗಾರ ಅನ್ನಿಸಿಕೊಳ್ಳುವುದಕ್ಕಿಂತ ಎರಡು ಹೊಡೆತ ಅಗ್ಗ ಅಂತ ಆಟಗಾರರಿಗೆ ಚೆನ್ನಾಗಿ ಗೊತ್ತು.

ಪ್ರಶ್ನೆ: ಇಷ್ಟೆಲ್ಲ ಬರೆಯುತ್ತೀರಲ್ಲ, ನೀವು ಯಾವತ್ತಾದರೂ ಮೋಸ ಕಣ್ಣಾರೆ ನೋಡಿದ್ದೀರಾ? (ಬೆಂಗಳೂರಿನ ಓದುಗರು)

ಉತ್ತರ: ನೋಡಿದ್ದೇನಾ? ಮಾಡಿದ್ದೇನೆ.

ಹುಡುಗನಾಗಿದ್ದಾಗ ಭಾನುವಾರ ಭಾನುವಾರ ಬ್ಯಾಗ್ ಹೊರಲು ಹೋಗುತ್ತಿದ್ದೆ. ಕಾಲಲ್ಲಿ ಚಪ್ಪಲಿ ಇರುತ್ತಿರಲಿಲ್ಲ. ನಾನು ಬ್ಯಾಗ್ ಹೊರುತ್ತಿದ್ದ ಸಾಹೇಬರೊಬ್ಬರ ಚೆಂಡು ಒಂದಿನ ಲಂಟಾನ ಪೊದೆಯ ಬುಡಕ್ಕೆ ಹೋಗಿ ಕೂತಿತು. "ಹುಡುಕು, ಒಳ್ಳೆ ಕಡೆ ಸಿಗುತ್ತೆ" ಅಂದರು. ಆ "ಒಳ್ಳೆ ಕಡೆ"ಯ ಅರ್ಥ ನಮ್ಮ ಹುಡುಗರಿಗೆಲ್ಲ ಗೊತ್ತಿತ್ತು. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಚೆಂಡು ಸಿಕ್ಕಿಸಿಕೊಂಡು, ಬಗ್ಗದೆ, ಅತ್ತಿತ್ತ ಹುಡುಕುವವನ ಹಾಗೆ ನಾಲ್ಕು ಹೆಜ್ಜೆ ಕುಂಟಿದೆ. ಬಯಲಿಗೆ ಬಂದ ಮೇಲೆ ಬೆರಳು ಸಡಿಲಿಸಿ "ಸಿಕ್ತು ಸಾರ್!" ಅಂತ ಕೂಗಿದೆ.

ಎದುರಾಳಿಯಾಗಿ ಆಡುತ್ತಿದ್ದವರು ವಯಸ್ಸಾದವರು. ಹತ್ತಿರ ಬಂದು ಚೆಂಡು ನೋಡಿದರು, ಪೊದೆ ನೋಡಿದರು, ನನ್ನ ಪಾದ ನೋಡಿದರು. ಹೆಬ್ಬೆರಳ ಸಂದಿಯಲ್ಲಿ ಕೆಮ್ಮಣ್ಣು ಹತ್ತಿತ್ತು.

"ಏನಪ್ಪಾ, ಚೆಂಡಿಗೆ ಕಾಲು ಬಂತಾ?" ಅಂದರು. ಅಷ್ಟೇ. ಸಾಹೇಬರು ಏನೂ ಕೇಳಿಸದವರ ಹಾಗೆ ಹೊಡೆದರು. ಆಟ ಮುಗಿದ ಮೇಲೆ ನನ್ನ ಕೈಗೆ ಎರಡು ರೂಪಾಯಿ ಜಾಸ್ತಿ ಇಟ್ಟರು.

ಮುಂದಿನ ಭಾನುವಾರ ಗೇಟಿನ ಹತ್ತಿರ ಆ ವಯಸ್ಸಾದವರು ನನ್ನನ್ನೇ ಕರೆದರು. "ಇವತ್ತಿಂದ ನನ್ನ ಬ್ಯಾಗ್ ಹೊರ್ತೀಯೇನೋ? ಆದ್ರೆ ಚಪ್ಪಲಿ ಹಾಕ್ಕೊಂಡು ಬಾ."

ಮನೆಗೆ ಓಡಿ ಅಣ್ಣನ ಚಪ್ಪಲಿ ಹಾಕಿಕೊಂಡು ಬಂದೆ. ಎರಡು ಸೈಜು ದೊಡ್ಡದು. ಹದಿನೆಂಟು ಹೋಲೂ ಪಟಪಟ ಅನ್ನಿಸಿಕೊಂಡೇ ನಡೆದೆ.